ಜೆರೂಷಾಳ ಕಾಲೂ ಊರಿನವರ ಕೈಗವಸೂ

ಜೆರೂಷಾ ಕೂಂಬ್ಸ್ ದೇಶಕ್ಕಾಗಿ ಮೊದಲು ಎದ್ದು ನಿಂತ ಹೆಂಗಸು ಎಂದು ನಮ್ಮೂರಿನಲ್ಲಿ ಇವತ್ತಿಗೂ ಹೇಳುತ್ತಾರೆ. ಎದ್ದು ನಿಂತದ್ದು ನಿಜ. ಯಾಕೆ ನಿಂತಳೆಂಬುದು ಅವಳಿಗೂ ಅವಳ ಎಡಗಾಲಿಗೂ ಮಾತ್ರ ಗೊತ್ತಿತ್ತು. ಆಮೇಲೆ ಅವಳೇ ಕಂಡಕಂಡವರಿಗೆಲ್ಲ ನಿಜ ಹೇಳಿಕೊಂಡು ತಿರುಗಿದಳು. ಯಾರೂ ನಂಬಲಿಲ್ಲ. ವಿನಯವಂತೆ ಅಂದರು.

ನಮ್ಮದು ಬಾಸ್ಟನ್ನಿಗೆ ಬಡಗಲ ಕರಾವಳಿಯ ಊರು. ಕಾಡ್ ಮೀನು ಹಿಡಿದು ಉಪ್ಪು ಹಚ್ಚಿ ಒಣಗಿಸುತ್ತೇವೆ. ಒಣಗಿದ್ದನ್ನು ತೆಂಕಲ ಸಕ್ಕರೆ ದ್ವೀಪಗಳಿಗೆ ಕಳಿಸಿ ಕಾಕಂಬಿ ತರಿಸುತ್ತೇವೆ, ಕಾಕಂಬಿಯಿಂದ ರಮ್ ಇಳಿಸುತ್ತೇವೆ, ಕುಡಿದು ಮಿಕ್ಕಿದ್ದನ್ನು ಮಾರುತ್ತೇವೆ. ಜೆರೂಷಾಳ ಗಂಡ ಓಬೆಡ್ ಪೀಪಾಯಿ ಕಟ್ಟುವವನು. ಮೀನಿಗೂ ಪೀಪಾಯಿ ಬೇಕು, ಕಾಕಂಬಿಗೂ ಬೇಕು, ರಮ್ಮಿಗಂತೂ ಬೇಕೇ ಬೇಕು. ಹಾಗಾಗಿ ಆ ಮನೆಗೆ ಅನ್ನದ ಚಿಂತೆ ಇರಲಿಲ್ಲ. ಜೆರೂಷಾಗೆ ಇನ್ನೊಂದು ಕೆಲಸವೂ ಇತ್ತು. ಊರಿನಲ್ಲಿ ಯಾರು ತೀರಿಕೊಂಡರೂ ಮೈ ತೊಳೆದು, ಬಟ್ಟೆ ಉಡಿಸಿ, ಕೈ ಮಡಿಸಿ ಮಲಗಿಸುವವಳು ಅವಳೇ. ಅವಳ ತಾಯಿ ಮಾಡುತ್ತಿದ್ದಳು, ಇವಳು ಮುಂದುವರಿಸಿದಳು. ಆ ಕೆಲಸಕ್ಕೆ ಕೂಲಿ ಅಂತ ಇಲ್ಲ. ಕೈಗವಸು ಕೊಡುತ್ತಾರೆ.

ಸಾವಿನ ಮನೆಗೆ ಬಂದವರಿಗೆಲ್ಲ ಒಂದೊಂದು ಜೊತೆ ಕೈಗವಸು ಕೊಡುವುದು ನಮ್ಮಲ್ಲಿ ತಲೆತಲಾಂತರದ ಪದ್ಧತಿ. ಲಂಡನ್ನಿನಿಂದ ಬಂದ, ಆಡಿನ ಮರಿಯ ಬಿಳಿ ಚರ್ಮದ ಕೈಗವಸು. ಮಣಿಕಟ್ಟಿನ ಒಳಮಗ್ಗುಲಿಗೆ ಸತ್ತವರ ಹೆಸರಿನ ಮೊದಲಕ್ಷರಗಳನ್ನು ಮನೆಯ ಹೆಂಗಸರು ಕಪ್ಪು ದಾರದಲ್ಲಿ ಹೊಲಿದಿರುತ್ತಾರೆ. ಹಾಕಿಕೊಂಡು ಸಮಾಧಿಯವರೆಗೆ ನಡೆಯಬೇಕು, ಆಮೇಲೆ ನೆನಪಿಗೆ ಇಟ್ಟುಕೊಳ್ಳಬೇಕು. ಪಾದ್ರಿಗಳು ತಮಗೆ ಬಂದದ್ದನ್ನು ಬಾಸ್ಟನ್ನಿಗೆ ಸಾಗಿಸಿ ಮಾರುತ್ತಾರೆ ಎಂದು ಸುದ್ದಿ ಇತ್ತು. ಜೆರೂಷಾ ಪೆಟ್ಟಿಗೆಗೆ ತುಂಬಿಕೊಂಡು ಬಂದಳು. ಹಾಕಿಕೊಂಡದ್ದು ಮಾತ್ರ ಇಲ್ಲ. ಉಪ್ಪುನೀರು ಕುಡಿದು ಊದಿದ ಅವಳ ಬೆರಳ ಗಿಣ್ಣು ದಾಟಿ ಲಂಡನ್ನಿನ ಯಾವ ಕೈಗವಸೂ ಒಳಗೆ ಇಳಿದಿರಲಿಲ್ಲ. "ಹೊರೋಕೆ ಕೊಟ್ಟಿದಾರೆ, ಹಾಕ್ಕೊಳ್ಳೋಕಲ್ಲ" ಎಂದು ಅಂಗೈ ಮೇಲೆ ಇಟ್ಟುಕೊಂಡೇ ಮೆರವಣಿಗೆಯಲ್ಲಿ ನಡೆಯುತ್ತಿದ್ದಳು.

ಹೀಗಿರುವಾಗ, ಆಗ ನಮ್ಮನ್ನು ಆಳುತ್ತಿದ್ದ ಲಂಡನ್ನಿನ ದೊರೆಯ ಸುಂಕ ಬಂತು. ಕಾಕಂಬಿಗೆ ಸುಂಕ ಹಿಂದೆಯೂ ಇತ್ತು, ಆದರೆ ಸುಂಕದವನಿಗೆ ಒಂದು ಹಂದಿಯ ತೊಡೆ ಮುಟ್ಟಿಸಿದರೆ ಅವತ್ತು ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಈಗ ಬಂದವರು ಹಂದಿ ಮುಟ್ಟದ ಹೊಸಬರು. ಪ್ರತಿ ಪೀಪಾಯಿಗೂ ಕೋಲು ಇಳಿಸಿ ಅಳೆದರು. ಕಾಗದದಲ್ಲಿ ಒಂದು ಸಾಲು ತಪ್ಪಿದ್ದಕ್ಕೆ ಒಂದು ಹಡಗನ್ನೇ ಕಟ್ಟಿಹಾಕಿದರು. ಉಳಿದ ಹಡಗಿನವರು ಹೆದರಿ ಹಾಯಿ ಇಳಿಸಿದರು. ರಮ್ಮಿನ ಒಲೆ ತಣ್ಣಗಾಯಿತು. ಓಬೆಡ್ ಕಟ್ಟಿದ ಪೀಪಾಯಿ ಅಂಗಳದಲ್ಲೇ ಉಳಿದು ಕೋಳಿಗಳು ಅವುಗಳಲ್ಲಿ ಮೊಟ್ಟೆ ಇಟ್ಟವು. "ಇಡೀ ಸೀಮೇಲಿ ಓಕ್ ಮರದ ಕೋಳಿಗೂಡು ಇರೋದು ನಮಗೊಬ್ಬರಿಗೇ" ಎಂದು ಜೆರೂಷಾ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ಇದರ ಬೆನ್ನಿಗೆ ಗಾಜಿಗೆ, ಬಣ್ಣಕ್ಕೆ, ಕಾಗದಕ್ಕೆ, ಚಹಕ್ಕೆ ಸುಂಕ. ಬಿರುಗಾಳಿಗೆ ಅವರ ಮನೆಯ ಮುಂದಿನ ಕಿಟಕಿ ಒಡೆದು ಒಂದೇ ಒಂದು ಗಾಜು ಉಳಿಯಿತು. ಮಿಕ್ಕ ಚೌಕಗಳಿಗೆ ಎಣ್ಣೆ ಹಚ್ಚಿದ ಕಾಗದ ಅಂಟಿಸಿದರು. ಬೀದಿಯಲ್ಲಿ ಸುಂಕದವನು ನಡೆದರೆ ಮೇಲಿನ ಕಿಟಕಿಗಳಿಂದ ಮೀನು ತೊಳೆದ ನೀರು ತಾನಾಗಿಯೇ ಬೀಳುತ್ತಿತ್ತು.

ಆ ಚಳಿಗಾಲ ಪ್ರಾರ್ಥನೆ ಮುಗಿದ ಮೇಲೆ ಡೀಕನ್ ಪರ್ಲಿ ಎದ್ದರು. ಚರ್ಚಿನ ಹಿರಿಯರು, ಗಂಟಲು ದೊಡ್ಡದು. ಬಾಸ್ಟನ್ನಿನಿಂದ ಬಂದ ಪ್ರತಿಜ್ಞೆಯನ್ನು ಓದಿದರು. ಸುಂಕ ಎತ್ತುವವರೆಗೆ ಲಂಡನ್ನಿನ ಸಾಮಾನು ಮನೆಗೆ ತರುವುದಿಲ್ಲ, ಮದುವೆಗೂ ತರುವುದಿಲ್ಲ, ಸಾವಿಗೂ ತರುವುದಿಲ್ಲ. ಅಲ್ಲಿಯ ವರ್ತಕರ ಅಂಗಡಿ ಖಾಲಿ ಹೊಡೆದರೆ ಅವರೇ ಹೋಗಿ ದೊರೆಯ ಕಾಲು ಹಿಡಿದು ಸುಂಕ ತೆಗೆಸುತ್ತಾರೆ. "ಒಪ್ಪೋರು ಎದ್ದು ನಿಲ್ಲಿ!"

ಯಾರೂ ನಿಲ್ಲಲಿಲ್ಲ. ಒಪ್ಪಿಗೆ ಎಲ್ಲರಿಗೂ ಇತ್ತು, ಮೊದಲು ಏಳುವವರು ಬೇಕಿತ್ತು. ಗಂಡಸರು ಪಕ್ಕದವನ ಮಂಡಿ ನೋಡುತ್ತ ಕೂತರು. ಹೆಂಗಸರ ಸಾಲಿನಲ್ಲಿ ಜೆರೂಷಾ ಕಾಲು ಕಾಯಿಸಲು ತಂದಿದ್ದ ಕೆಂಡದ ಡಬ್ಬಿ ಆರಿ ಎಷ್ಟೋ ಹೊತ್ತಾಗಿತ್ತು. ಕಾಲು ಬೆಚ್ಚಗಿರಲಿ ಎಂದು ಎಡಗಾಲನ್ನು ತೊಡೆಯ ಕೆಳಗೆ ಮಡಿಸಿ ಕೂತಿದ್ದಳು. ಅದು ಜೋಮು ಹಿಡಿದು, ಒಳಗೆ ಇರುವೆಗೂಡು ಒಡೆದ ಹಾಗಾಯಿತು. ತಡೆಯಲಾರದೆ ಮುಂದಿನ ಬೆಂಚು ಹಿಡಿದು ಎದ್ದಳು.

"ನೋಡಿ!" ಡೀಕನ್ ಗುಡುಗಿದರು. "ಪೀಪಾಯಿ ಓಬೆಡ್‌ನ ಹೆಂಡ್ತಿ ಎದ್ದಳು! ನೋವು ತಿಂದ ಮುಖ ನೋಡಿ ಆಯಮ್ಮಂದು! ಗಂಡಸರಿಗೆ ಏನಾಗಿದೆ ರೋಗ?"

ಮುಖದಲ್ಲಿ ನೋವಿದ್ದದ್ದೇನೋ ನಿಜ. ಚರ್ಚೆಲ್ಲ ದಡಬಡ ಎದ್ದಿತು. ಕೂರೋಣವೆಂದರೆ ಈಗ ಕೂರುವಂತಿಲ್ಲ. ಜೆರೂಷಾ ಒಂಟಿಗಾಲಿನಲ್ಲಿ ದೇಶಪ್ರೇಮಿಯಾದಳು.

ಮನೆಯಲ್ಲಿ ಅತ್ತೆ ಜೆರ್ವಿಯಾ ಹಾಸಿಗೆ ಹಿಡಿದಿದ್ದಳು. ಮೈ ಸೋತಿತ್ತು, ನಾಲಿಗೆ ಸೋತಿರಲಿಲ್ಲ.

"ಏನೇ, ಊರಿಗೆ ಮುಂಚೆ ಎದ್ದು ನಿಂತ್ಯಂತೆ?"

"ಕಾಲು ಜೋಮು ಹಿಡಿದಿತ್ತು ಅತ್ತೆ."

ಮುದುಕಿ ನಗುನಗುತ್ತ ಕೆಮ್ಮಿದಳು, ಕೆಮ್ಮುತ್ತ ನಕ್ಕಳು. ಉಸಿರು ಕೂಡಿದ ಮೇಲೆ ಸೊಸೆಯ ಕೈ ಹಿಡಿದುಕೊಂಡಳು. ಅಷ್ಟು ಗಟ್ಟಿಯಾಗಿ ಅವಳು ಹಿಡಿದದ್ದು ಮದುವೆಯಾದಾಗಿನಿಂದ ಇರಲಿಲ್ಲ.

"ಹಾಗಾದ್ರೆ ನನ್ನ ಕೈಗವಸು?"

ಜೆರೂಷಾಗೆ ಅದು ನೆನಪೇ ಇರಲಿಲ್ಲ. ಜೆರ್ವಿಯಾಳ ಗಂಡ ಸಮುದ್ರಕ್ಕೆ ಹೋದವನು, ಹೆಣವೂ ಬರಲಿಲ್ಲ. ಹೆಣವಿಲ್ಲದೆ ಮೆರವಣಿಗೆ ಇಲ್ಲ, ಮೆರವಣಿಗೆಯಿಲ್ಲದೆ ಕೈಗವಸು ಇಲ್ಲ. ಆ ಮನೆಯಿಂದ ಊರಿಗೆ ಒಂದು ಜೊತೆಯೂ ಹೋಗಿರಲಿಲ್ಲ.

"ಊರಿನೋರ ಸಾವಿಗೆಲ್ಲ ಹೋಗಿ ಹೋಗಿ ಕೈಗವಸು ಈಸ್ಕೊಂಡು ಬಂದೋಳು ಕಣೇ ನಾನು. ಕೊಟ್ಟಿಲ್ಲ ಒಂದನ್ನೂ. ಈಗ ನಾನು ಹೋಗುವಾಗ ಜನಾನ ಬರಿಗೈಲಿ ನಡೆಸಿದ್ರೆ, ಕೂಂಬ್ಸ್ ಮುದುಕಿ ತಗೊಳ್ಳೋಕೇ ಹುಟ್ಟಿದೋಳು ಅಂತಾರೆ. ಮಾತು ಕೊಡು."

"ಉಣ್ಣೇದು ಹೆಣೀತೀನಿ ಅತ್ತೆ, ನಮ್ಮ ಕುರೀದೇ—"

"ಉಣ್ಣೇದು ಕೊಟ್ರೆ ಮೀನು ಸಿಗಿಯೋಕೆ ಕರೆದಿದಾರೆ ಅಂದ್ಕೋತಾರೆ! ಬಿಳೀದು. ಚರ್ಮದ್ದು. ಬೈಬಲ್ ಮುಟ್ಟಿ ಹೇಳು."

ಜೆರೂಷಾ ಮುಟ್ಟಿ ಹೇಳಿದಳು. ಸಾಯುವವರ ಮುಂದೆ ಇಲ್ಲ ಅನ್ನುವುದು ಅವಳಿಗೆ ಬರುತ್ತಿರಲಿಲ್ಲ, ಬದುಕಿದವರ ಮುಂದೆಯೂ ಬರುತ್ತಿರಲಿಲ್ಲ. ಹೊರಗೆ ಬಂದು ಓಬೆಡ್‌ಗೆ ಹೇಳಿದಾಗ ಅವನು ಕೋಳಿ ಎಬ್ಬಿಸಿ ಮೊಟ್ಟೆ ತೆಗೆಯುತ್ತಿದ್ದ.

"ಚರ್ಚಲ್ಲಿ ತರಲ್ಲ ಅಂದೆ. ಮನೇಲಿ ತರ್ತೀನಿ ಅಂದೆ. ಇನ್ನು ಯಾರಿಗಾದ್ರೂ ಏನಾದ್ರೂ ಹೇಳೋದು ಬಾಕಿ ಇದ್ಯಾ?" ಎಂದ.

"ನೀನು ಗಂಡಸು, ಒಂದು ದಾರಿ ಹೇಳು."

"ಅಮ್ಮನಿಗೆ ಚೆನ್ನಾಗಿ ಸೂಪು ಕೊಡು. ಸುಂಕ ಹೋಗೋವರೆಗೆ ಸಾಯದ ಹಾಗೆ ನೋಡ್ಕೋ."

ಸೂಪು ಕೊಟ್ಟಳು. ಮುದುಕಿ ಕುಡಿದು ಕುಡಿದು ಕ್ಷೀಣಿಸಿದಳು. ಬೇರೆ ದಾರಿ ಕಾಣದೆ ಜೆರೂಷಾ ಒಂದು ಮಧ್ಯಾಹ್ನ ಗಂಡನ ಕೋಟು ತೊಟ್ಟು, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಅಂಗಡಿ ಪೆಲೆಗ್‌ನ ಹಿತ್ತಲ ಬಾಗಿಲಿಗೆ ಹೋದಳು. ಪೆಲೆಗ್ ಪ್ರತಿಜ್ಞೆಯ ದಿನ ಚರ್ಚಿಗೇ ಬಂದಿರಲಿಲ್ಲ, ಲಂಡನ್ನಿನ ಸಾಮಾನು ಮಾರುವುದನ್ನೂ ಬಿಟ್ಟಿರಲಿಲ್ಲ. ಅವನ ಮುಂಬಾಗಿಲಿಗೆ ಯಾರೋ ಡಾಂಬರು ಬಳಿದಿದ್ದರು, ಹಾಗಾಗಿ ವ್ಯಾಪಾರವೆಲ್ಲ ಹಿಂದಿನಿಂದಲೇ ನಡೆಯುತ್ತಿತ್ತು, ಮೊದಲಿಗಿಂತ ಜೋರಾಗಿ. ಬಾಗಿಲು ತಟ್ಟುವ ಮೊದಲೇ ಅದು ತೆರೆಯಿತು. ಒಳಗಿನಿಂದ ಡೀಕನ್ ಪರ್ಲಿಯವರ ಹೆಂಡತಿ ಟಬಿತಾ ಹೊರಬಂದಳು. ಅವಳು ಡೀಕನ್ನರ ಎರಡನೆಯ ಹೆಂಡತಿ. ಕೈ ಬೆಚ್ಚಗಿಡುವ ತುಪ್ಪಳದ ಚೀಲವನ್ನು ಎದೆಗೆ ಅವುಚಿಕೊಂಡಿದ್ದಳು. ಚೀಲದಿಂದ ಚಹದ ಘಮ ಬರುತ್ತಿತ್ತು.

ಜೆರೂಷಾ ಟೋಪಿಯನ್ನು ಇನ್ನಷ್ಟು ಕೆಳಕ್ಕೆ ಎಳೆದುಕೊಂಡಳು. ಟಬಿತಾ ಆ ಕೋಟನ್ನು ನೋಡಿ, "ಓಬೆಡ್, ಮನೇಲಿ ಎಲ್ಲ ಚೆನ್ನಾಗಿದಾರಾ?" ಎಂದಳು.

"ಚೆನ್ನಾಗಿದಾರೆ ತಾಯಿ" ಎಂದಳು ಜೆರೂಷಾ, ಗಂಟಲು ದಪ್ಪ ಮಾಡಿ.

"ನಿನ್ನ ಹೆಂಡ್ತಿಗೆ ಹೇಳು, ಮೊದಲು ಎದ್ದು ನಿಂತೋಳು ಅಂದ್ರೆ ನಮ್ಮೆಜಮಾನ್ರಿಗೆ ಪ್ರಾಣ. ಈಗ ನಾನು ಇಲ್ಲಿಗೆ ಬಂದೇ ಇಲ್ಲ."

"ನಾನೂ ಬಂದಿಲ್ಲ ತಾಯಿ."

ಬಾರದಿದ್ದ ಇಬ್ಬರೂ ಎರಡು ದಿಕ್ಕಿಗೆ ಹೋದರು. ಜೆರೂಷಾಗೆ ಮತ್ತೆ ಆ ಬಾಗಿಲು ತಟ್ಟುವ ಧೈರ್ಯ ಬರಲಿಲ್ಲ. ಒಂದು ಜೊತೆಯಾದರೆ ಲಂಗದೊಳಗೆ ಬಚ್ಚಿಡಬಹುದು. ಊರಿಗೆಲ್ಲ ಆಗುವಷ್ಟನ್ನು ಎಲ್ಲಿಡುವುದು? ಹಾಕಿಕೊಂಡ ಊರೇ ನಾಳೆ ಬೆಳಗ್ಗೆ ಕೇಳುವುದಿಲ್ಲವೇ ಎಲ್ಲಿಂದ ಬಂತೆಂದು?

ಮನೆಗೆ ಬಂದು ಕೋಟು ಕಳಚಿ, ಅಳೋಣವೆಂದು ಪೆಟ್ಟಿಗೆಯ ಮೇಲೆ ಕೂತಳು. ಕೂತ ಮೇಲೆ ತಾನು ಯಾವುದರ ಮೇಲೆ ಕೂತಿದ್ದೇನೆಂಬುದು ಹೊಳೆಯಿತು.

ಪೆಟ್ಟಿಗೆಯ ತುಂಬ ಕೈಗವಸು. ಅವಳದ್ದು, ಅತ್ತೆಯದ್ದು, ತಾಯಿ ಬಿಟ್ಟುಹೋದದ್ದು. ಎಲ್ಲ ಲಂಡನ್ನಿನವು, ಎಲ್ಲ ಸುಂಕಕ್ಕೆ ಮುಂಚಿನವು. ಪ್ರತಿಜ್ಞೆಯೂ ಮುರಿಯುವುದಿಲ್ಲ, ಮಾತೂ ತಪ್ಪುವುದಿಲ್ಲ. ಅಕ್ಷರಗಳಿದ್ದವಲ್ಲ? ಬಿಚ್ಚಿದರಾಯಿತು. ಎರಡು ದಿನ ಕೂತು ಸೂಜಿಯ ತುದಿಯಿಂದ ಒಂದೊಂದೇ ಕಪ್ಪು ದಾರ ಎತ್ತಿ ಕಿತ್ತಳು. ಹಳದಿಗಟ್ಟಿದ್ದಕ್ಕೆ ಸೀಮೆಸುಣ್ಣ ಉಜ್ಜಿದಳು. ತನ್ನ ಜಾಣತನಕ್ಕೆ ತಾನೇ ತಲೆದೂಗಿದಳು. ಜೀವಮಾನವೆಲ್ಲ ಮನೆಯಲ್ಲಿ ನೇಯ್ದ ಬಟ್ಟೆ ಬಿಚ್ಚಿ ಹೊಲಿದವಳು. ಬಟ್ಟೆಯಲ್ಲಿ ದಾರ ಕಿತ್ತರೆ ಉಗುರಿನಿಂದ ಒಮ್ಮೆ ಕೆರೆದರೆ ಸಾಕು, ತೂತು ಕೂಡಿಕೊಳ್ಳುತ್ತದೆ. ಚರ್ಮ ಬಟ್ಟೆಯಲ್ಲ ಎಂಬುದು ಅವಳ ತಲೆಗೆ ಹೋಗಲಿಲ್ಲ. ಸೀಮೆಸುಣ್ಣ ತೂತಿನಲ್ಲಿ ಕೂತು ಎಲ್ಲ ಬೆಳ್ಳಗೆ ಕಾಣುತ್ತಿತ್ತು.

ಒಂದು ಜೊತೆ ತಂದು ಅತ್ತೆಯ ಕೈಗಿಟ್ಟಳು. "ಬಂತು ಅತ್ತೆ."

ಜೆರ್ವಿಯಾ ಮೂಸಿದಳು. ಮತ್ತೊಮ್ಮೆ ಮೂಸಿದಳು.

"ಲಂಡನ್ನಲ್ಲೂ ಈಗ ಕಾಡ್ ಮೀನು ಒಣಗಿಸ್ತಾರಾ?"

"ಹಡಗಲ್ಲಿ ಬಂದಿದ್ದಲ್ವಾ ಅತ್ತೆ."

"ಹೂಂ. ಹಡಗು ನಿನ್ನ ಪೆಟ್ಟಿಗೆಯೊಳಗೆ ಲಂಗರು ಹಾಕಿತ್ತೇನೋ" ಎಂದು ಮುದುಕಿ ಗೋಡೆಯ ಕಡೆ ತಿರುಗಿ ಮಲಗಿದಳು. ಕೈಗವಸನ್ನು ಮಾತ್ರ ಹಿಂದಕ್ಕೆ ಕೊಡಲಿಲ್ಲ. ಆಮೇಲೆ ಆ ಮಾತು ಎತ್ತಲೂ ಇಲ್ಲ. ಹಿಮ ಕರಗಲು ಶುರುವಾದ ವಾರ, ಸೂಪು ಚಪ್ಪೆ ಎಂದು ಬೈದು, ತೀರಿಕೊಂಡಳು.

ಜೆರೂಷಾ ತಾನೇ ಮೈ ತೊಳೆದು ಮಲಗಿಸಿದಳು. ಮುಂದಿನ ಕೋಣೆಯಲ್ಲಿ ಹೆಣದ ಪಕ್ಕ ಕೈಗವಸಿನ ಪೆಟ್ಟಿಗೆ ಇಟ್ಟು ಬಂದವರಿಗೆಲ್ಲ ಹಂಚಿದಳು. ಒಂದೇ ಗಾಜಿನ ಕಿಟಕಿಯ ಕೋಣೆ, ಮಬ್ಬು. ಜನ ಸಂಕೋಚಪಟ್ಟು, ಆಸೆಪಟ್ಟು ಹಾಕಿಕೊಂಡರು. ಎಷ್ಟೋ ದಿನದಿಂದ ಯಾರ ಕೈಗೂ ಬಿಳಿ ಚರ್ಮ ತಾಗಿರಲಿಲ್ಲ. "ಎಲ್ಲಿಂದ ಬಂತು?" ಎಂಬ ಪ್ರಶ್ನೆ ಎಲ್ಲರ ಹುಬ್ಬಿನಲ್ಲೂ ಇತ್ತು. ಅದನ್ನು ಬಾಯಿಗೆ ತಂದವರು ಡೀಕನ್ ಪರ್ಲಿ.

"ಜೆರೂಷಾ ಕೂಂಬ್ಸ್, ನೀನೇ ಮೊದಲು ಎದ್ದು ನಿಂತೋಳು. ಇವು ಪೆಲೆಗ್‌ನ ಅಂಗಡೀವಾ?"

"ಅಲ್ಲ ಸ್ವಾಮಿ. ಸುಂಕಕ್ಕೆ ಮುಂಚಿನವು."

"ಅದು ಹೇಗೆ ಹೇಳ್ತೀಯ?" ಎನ್ನುತ್ತ ಡೀಕನ್ ಕೈಗವಸು ಕಳಚಿ, ಅಂಗಡಿಯ ಗುರುತು ಇದೆಯೇ ಎಂದು ಮಣಿಕಟ್ಟು ಮಗುಚಿ ಆ ಒಂದೇ ಗಾಜಿಗೆ ಹಿಡಿದರು.

ಹೊರಗೆ ಬಿಸಿಲಿತ್ತು. ಬೆರಳಾಡಿಸಿದಾಗ ಸುಣ್ಣ ಉದುರಿಹೋಗಿತ್ತು. ಸಣ್ಣ ಸಣ್ಣ ತೂತುಗಳಲ್ಲಿ ಬೆಳಕು ತೂರಿ, ಎರಡು ಅಕ್ಷರ ಚುಕ್ಕಿಚುಕ್ಕಿಯಾಗಿ ಹೊಳೆದವು. ಡೀಕನ್ನರ ದೊಡ್ಡ ಗಂಟಲು ಸಣ್ಣದಾಯಿತು.

"ಇದು ನಮ್ಮ ಹ್ಯಾನಾದು."

ಹ್ಯಾನಾ ಅವರ ಮೊದಲ ಹೆಂಡತಿ. ಜೆರೂಷಾಳೇ ಮೈ ತೊಳೆದಿದ್ದಳು. ಕೋಣೆಯಲ್ಲಿ ಎಲ್ಲರ ಕಣ್ಣೂ ಅವಳ ಮೇಲೆ. ಊರಿಗೆ ಅದರದೇ ಹಳೆಯ ಕೈಗವಸು ಉಡುಗೊರೆ ಕೊಟ್ಟ ಸೊಸೆ! ಅತ್ತೆ ತಗೊಳ್ಳೋಕೆ ಹುಟ್ಟಿದವಳಾದರೆ ಸೊಸೆ ತಗೊಂಡದ್ದನ್ನೇ ತೊಳೆದು ಕೊಡುವವಳು. ಪೆಟ್ಟಿಗೆಯೊಳಗೆ ಇಳಿದು ಮುಚ್ಚಳ ಹಾಕಿಕೊಳ್ಳೋಣವೇ ಎಂದುಕೊಂಡಳು. ಓಬೆಡ್ ಹತ್ತಿರ ಬಂದು ಪಿಸುಗುಟ್ಟಿದ, "ಬೇಕಾದ್ರೆ ಒಂದು ಪೀಪಾಯಿ ಖಾಲಿ ಇದೆ."

"ತಪ್ಪಾಯ್ತು" ಎಂದಳು ಜೆರೂಷಾ ಎಲ್ಲರಿಗೂ ಕೇಳುವಂತೆ. "ಅತ್ತೆ ಈಸ್ಕೊಂಡಿದ್ದು, ನಾನು ಈಸ್ಕೊಂಡಿದ್ದು, ಎಲ್ಲ ಇಷ್ಟೇ. ಹೊಸದು ತಂದ್ರೆ ನಿಮ್ಮ ಮುಂದೆ ಕೊಟ್ಟ ಮಾತು ಹೋಗ್ತಿತ್ತು. ತರದಿದ್ರೆ ಅತ್ತೆ ಮುಂದೆ ಕೊಟ್ಟಿದ್ದು ಹೋಗ್ತಿತ್ತು. ಬೈಯೋರು ಬೈರಿ. ಅತ್ತೆ ಕೇಳಿಸ್ಕೊಂಡು ಖುಷಿಪಡ್ತಾರೆ."

ಯಾರೂ ಬೈಯಲಿಲ್ಲ. ಬೈಯಲು ಯಾರಿಗೂ ಪುರುಸೊತ್ತಿರಲಿಲ್ಲ. ಹಾಯಿ ಹೊಲಿಯುವ ಎನಾಕ್ ಮುದುಕ ಆಗಲೇ ಡೀಕನ್ನರನ್ನು ತಳ್ಳಿಕೊಂಡು ಹೋಗಿ ತನ್ನದನ್ನು ಗಾಜಿಗೆ ಹಿಡಿದಿದ್ದ. ಅವನ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಸುಂಕ ತಪ್ಪಿಸಿ ಉಳಿದ ಆ ಒಂದು ಗಾಜಿನ ಮುಂದೆ ಇಡೀ ಊರು ಸಾಲುಗಟ್ಟಿತು. ಹೆಣ ಒಂದು ಕಡೆ, ಜನ ಒಂದು ಕಡೆ.

"ಅಯ್ಯೋ, ಇದು ನಿಮ್ಮಪ್ಪ ಕಣೋ! ನಮ್ಮಪ್ಪ ಯಾರ ಹತ್ರ ಇದಾನೆ ನೋಡು."

"ನನ್ನ ಹತ್ರ ನಿಮ್ಮ ಚಿಕ್ಕಮ್ಮ ಇದಾಳೆ, ಕೊಡ್ತೀಯಾ ನಮ್ಮಣ್ಣನ್ನ?"

"ಚಿಕ್ಕಮ್ಮ ಬೇಡ, ಬದುಕಿದ್ದಾಗಲೇ ಸಾಕಾಗಿತ್ತು. ನೀನೇ ಇಟ್ಕೋ."

ಎನಾಕ್‌ಗೆ ಯಾರೋ ಸಣ್ಣ ಜೊತೆಯೊಂದನ್ನು ಹುಡುಕಿ ಕೊಟ್ಟರು. ಅದರಲ್ಲಿ ತೀರಿಕೊಂಡ ಅವನ ಮಗಳ ಅಕ್ಷರಗಳಿದ್ದವು. ಅವನು ಹಾಕಿಕೊಳ್ಳಲಿಲ್ಲ, ಜೆರೂಷಾಳ ಹಾಗೆ ಅಂಗೈ ಮೇಲಿಟ್ಟುಕೊಂಡ. ಪಾದ್ರಿಗಳು ಮಾತ್ರ ಕಿಟಕಿಯ ಹತ್ತಿರ ಸುಳಿಯಲಿಲ್ಲ. ಅವರದ್ದೆಲ್ಲ ಬಾಸ್ಟನ್ ಸೇರಿತ್ತು.

ಬದಲಾವಣೆ ಮುಗಿದು ಮೆರವಣಿಗೆ ಹೊರಡುವಷ್ಟರಲ್ಲಿ ಬಿಸಿಲು ಬಾಗಿತ್ತು. ಹೊರಡುವಾಗ ಪೆಟ್ಟಿಗೆ ಬರಿದು. ಸತ್ತವಳ ಕೈಗೆ ಒಂದು ಜೊತೆ ಹೋಗಿತ್ತು, ಸೊಸೆಗೆ ಉಳಿದಿರಲಿಲ್ಲ. ಜೆರೂಷಾ ಚಳಿಗೆ ಕೈಯನ್ನು ಕಂಕುಳಿಗೆ ಸೇರಿಸಿ ನಡೆಯುತ್ತಿದ್ದಾಗ ಟಬಿತಾ ಪಕ್ಕಕ್ಕೆ ಬಂದಳು. ಅವಳ ಕೈಯಲ್ಲಿ ಒಂದೇ ಒಂದು ಕೈಗವಸಿತ್ತು.

"ತಗೋ ಇದನ್ನ."

"ಇದು ಹ್ಯಾನಮ್ಮಂದು ಅಲ್ವಾ? ಯಜಮಾನ್ರು—"

"ಎರಡೂ ಕೈಯಲ್ಲಿ ಮೊದಲ ಹೆಂಡ್ತೀನ ಹಿಡ್ಕೊಂಡು ಹೋಗ್ತಿದ್ರು, ನಾನು ಎಲ್ಲಿ ಹಿಡ್ಕೊಳ್ಳಿ? ಒಂದನ್ನ ಕಿತ್ಕೊಂಡೆ. ಹಾಕ್ಕೋ. ಮತ್ತೆ ಆವತ್ತು ನಾನು ಎಲ್ಲೂ ಬಂದಿರಲಿಲ್ಲ."

"ಓಬೆಡ್ ನನಗೇನೂ ಹೇಳಿಲ್ಲಮ್ಮ."

ಜೆರೂಷಾ ಕೈಗವಸಿನೊಳಗೆ ಬೆರಳು ತೂರಿಸಿದಳು. ಗಿಣ್ಣಿನವರೆಗೆ ಹೋಗಿ ನಿಂತಿತು. ಹಾಗೆಯೇ, ಅರ್ಧ ಹಾಕಿಕೊಂಡೇ, ಸಮಾಧಿಯವರೆಗೆ ನಡೆದಳು. ಡೀಕನ್ನರು ಪ್ರಾರ್ಥನೆ ಹೇಳುವಾಗ ಜೆರ್ವಿಯಾಳ ಹೆಸರಿನ ಬದಲು ಒಮ್ಮೆ ಹ್ಯಾನಾಳ ಹೆಸರು ಹೇಳಿದರು. ಯಾರೂ ತಿದ್ದಲಿಲ್ಲ. ಹಿಂದಿರುಗುವಾಗ ಎನಾಕ್ ಮುದುಕ ಓಬೆಡ್‌ನ ಭುಜ ತಟ್ಟಿ, "ನಿಮ್ಮಮ್ಮ ಈಸ್ಕೊಂಡಿದ್ದನ್ನೆಲ್ಲ ಹಿಂದಕ್ಕೆ ಕೊಟ್ಟು ಹೋದ್ಲು ಕಣಪ್ಪ. ಹಾಗೆ ಹೋದೋರು ಈ ಊರಲ್ಲಿ ಯಾರಿದಾರೆ?" ಎಂದ. ಜೆರೂಷಾ ಆಗ ಮೊದಲ ಸಲ ಅತ್ತಳು. ಚಳಿಗೆ ಕಣ್ಣಲ್ಲಿ ನೀರು ಬಂತು ಎಂದಳು.

ಬೇಸಿಗೆಗೆ ಲಂಡನ್ನಿನಿಂದ ಸುದ್ದಿ ಬಂತು. ಗಾಜಿನ ಸುಂಕ ಹೋಯಿತು, ಬಣ್ಣದ್ದು ಹೋಯಿತು, ಕಾಗದದ್ದು ಹೋಯಿತು. ಚಹದ್ದು ಮಾತ್ರ ಉಳಿಸಿಕೊಂಡರಂತೆ, ವಸೂಲಿ ಮಾಡುವ ಹಕ್ಕು ತಮಗಿದೆ ಎಂದು ತೋರಿಸಲು. ಕಾಕಂಬಿಯ ಸುಂಕದ ಮಾತನ್ನು ಯಾರೂ ಎತ್ತಲಿಲ್ಲ. ಓಬೆಡ್‌ನ ಕೋಳಿಗಳಿಗೆ ನೆಮ್ಮದಿ.

ಮುಂದಿನ ಭಾನುವಾರ ಡೀಕನ್ ಮತ್ತೆ ಎದ್ದರು. ಸುಂಕ ಕೊಟ್ಟ ಚಹ ಈ ಊರಿನ ಯಾವ ಮನೆಯಲ್ಲೂ ಕುದಿಯಬಾರದು. "ಒಪ್ಪೋರು ಎದ್ದು ನಿಲ್ಲಿ!"

ಯಾರೂ ನಿಲ್ಲಲಿಲ್ಲ. ಎಲ್ಲರೂ ತಿರುಗಿ ಜೆರೂಷಾಳನ್ನು ನೋಡಿದರು. ಈಗ ಅದು ಊರಿನ ಪದ್ಧತಿಯಾಗಿತ್ತು. ಅವಳ ಎರಡೂ ಕಾಲು ನೆಲದ ಮೇಲೆ ಬೆಚ್ಚಗೆ, ನೆಟ್ಟಗಿದ್ದವು. ಬಾಸ್ಟನ್ನಿಗೆ ನಡೆದುಹೋಗುವಷ್ಟು ಚೆನ್ನಾಗಿದ್ದವು. ಎದುರಿನ ಸಾಲಿನಲ್ಲಿ ಟಬಿತಾ ಕಣ್ಣಿನಲ್ಲೇ ಬೇಡ, ಬೇಡ ಅನ್ನುತ್ತಿದ್ದಳು. ಕಾಗದದ ಕಿಟಕಿ, ಅಂಗಳದ ಪೀಪಾಯಿ, ಬರಿದಾದ ಪೆಟ್ಟಿಗೆ, ಗಾಜಿನ ಮುಂದೆ ಸಾಲು ನಿಂತ ಊರು, ಒಂದಾದ ಮೇಲೊಂದು ಅವಳ ಕಣ್ಣ ಮುಂದೆ ಬಂದವು.

ಮುಂದಿನ ಬೆಂಚು ಹಿಡಿಯದೆ ಎದ್ದು ನಿಂತಳು.

ಹಿಂದೆಯೇ ಚರ್ಚು ದಡಬಡ ಎದ್ದಿತು. ಎಲ್ಲರಿಗಿಂತ ಕೊನೆಗೆ ಟಬಿತಾ, ಹಲ್ಲು ಕಚ್ಚಿಕೊಂಡು. ಮನೆಗೆ ಹೋಗುವ ದಾರಿಯಲ್ಲಿ ಓಬೆಡ್ ಕೇಳಿದ:

"ಈ ಸಲ ಯಾಕೆ ಎದ್ದೆ?"

"ಕಾಲು ಜೋಮು ಹಿಡಿದಿತ್ತು" ಎಂದಳು ಜೆರೂಷಾ.

ಅದನ್ನು ಅವನೊಬ್ಬನೇ ನಂಬಿದ.